ತಡೆದಿಟ್ಟ ನೂರ ಐವತ್ತೊಂದು ಮಾತುಗಳು

"ಈ ಶೀರ್ಷಿಕೆ ಇಟ್ಟವರು ಯಾರು?"

ಬಾಗಿಲು ತಳ್ಳಿಕೊಂಡು ಬಂದವಳು ನಮಸ್ಕಾರ ಎನ್ನಲಿಲ್ಲ, ಕೂರಲೂ ಇಲ್ಲ. ಮೊಬೈಲನ್ನು ಮೇಜಿನ ಮೇಲಿಟ್ಟು, ಅದರ ಹಿಂದೆ ಕುಳಿತಿದ್ದವನ ಕಡೆಗೆ ತಿರುಗಿಸಿದಳು. ಪರದೆಯ ಮೇಲೆ ಅವಳದೇ ಲೇಖನ. ತಲೆಯ ಮೇಲೆ ದಪ್ಪ ಅಕ್ಷರಗಳಲ್ಲಿ, 'ಹೆಂಡತಿಯನ್ನು ಕೈಬಿಟ್ಟ ತತ್ವಜ್ಞಾನಿಗೆ ಮತ್ತೆ ಮನಸೋತೆ!'

ಬಾಯಲ್ಲಿದ್ದ ಬಿಸ್ಕತ್ತನ್ನು ಅವಸರವಾಗಿ ನುಂಗಿದ ಆ ಮನುಷ್ಯ ಒಮ್ಮೆ ಕೆಮ್ಮಿದ.

"ನಾನೇ."

"ಮನಸೋತೆ ಅಂದ್ರೇನು? ನಾನೇನು ಅವನನ್ನ ಮದುವೆ ಆಗೋಕೆ ಹೊರಟಿದ್ದೀನಾ? ಆ ಮುದುಕ ಸತ್ತು ನಲವತ್ತು ವರ್ಷ ಆಯ್ತು."

"ಲೇಖನ ಓದಿದಾಗ ಹಾಗನ್ನಿಸ್ತು."

"ಪೂರ್ತಿ ಓದಿದ್ರಾ?"

"ಎರಡು ಸಲ." ಅವನ ದನಿ ಏರಲಿಲ್ಲ. "ಅವನು ಕಾಯಿಲೆ ಹೆಂಡತೀನ ಆರೈಕೆ ಮನೇಲಿ ಬಿಟ್ಟು ನಾಲ್ಕು ವರ್ಷ ನೋಡೋಕೂ ಹೋಗಲಿಲ್ಲ ಅನ್ನೋದು ನಿಮ್ಮ ಲೇಖನದಲ್ಲಿ ಒಂಬತ್ತನೇ ಪ್ಯಾರಾದಲ್ಲಿ ಬರುತ್ತೆ. ಅದೂ ಒಂದು ಉದ್ದ ವಾಕ್ಯದ ಬಾಲದಲ್ಲಿ. ಓದೋರಿಂದ ಮುಚ್ಚಿಟ್ಟ ಹಾಗಿತ್ತು. ಅದಕ್ಕೇ ಮೇಲಕ್ಕೆ ತಂದೆ."

ಅವಳ ಮೈಯೆಲ್ಲ ಉರಿದುಹೋಯಿತು. ಆದರೆ ಆತ ಹೇಳಿದ್ದು ನಿಜವಾಗಿತ್ತು. ಆ ಸಂಗತಿಯನ್ನು ಎಲ್ಲಿ ತುರುಕುವುದೆಂದು ಅವಳು ಮೂರು ದಿನ ಒದ್ದಾಡಿದ್ದಳು... ಇವನಿಗೆ ಹೇಗೆ ಗೊತ್ತಾಯಿತು?

"ಸರಿ. ಅದನ್ನ ಮೇಲೆ ತರ್ತೀನಿ. ನೀವು 'ಮನಸೋತೆ' ತೆಗೀರಿ."

"ತೆಗೀತೀನಿ. ಕೂತ್ಕೊಳ್ಳಿ. ಬಿಸ್ಕತ್ತು?"

ಅವಳು ಕುಳಿತಳು. ಬಿಸ್ಕತ್ತು ಮಾತ್ರ ಮುಟ್ಟಲಿಲ್ಲ. ಕೋಪವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವವಳಲ್ಲ ನಮ್ಮ ಹುಡುಗಿ.

ಹುಡುಗಿ ಎಂದೆ. ಮೂವತ್ತಾರು ತುಂಬಿದೆ. ಆದರೂ ಮನೆಯಲ್ಲಿ ಅಮ್ಮನಿಗೆ ಅವಳು ಇವತ್ತಿಗೂ ಪುಟ್ಟಿಯೇ, ಹಾಗಾಗಿ ನಾವೂ ಪುಟ್ಟಿ ಎಂದೇ ಕರೆಯೋಣ. ಅವಳಿಗಿರುವುದು ಒಂದು ಕನ್ನಡಕದ ಅಂಗಡಿ. ಅದು ಅಪ್ಪನದು. ಮುಂದೆ ಗಾಜಿನ ಕಪಾಟು, ಹಿಂದೆ ಕಣ್ಣು ಪರೀಕ್ಷಿಸುವ ಪುಟ್ಟ ಕತ್ತಲೆ ಕೋಣೆ, ಮೂಲೆಯಲ್ಲಿ ಗಾಜು ಉಜ್ಜುವ ಯಂತ್ರ. ಬೆಳಗಿನಿಂದ ಸಂಜೆಯವರೆಗೆ ಜನರ ಮೂಗಿನ ಮೇಲೆ ಚೌಕಟ್ಟು ಕೂರಿಸಿ, "ಇದ್ರಲ್ಲಿ ಚೆನ್ನಾಗಿ ಕಾಣುತ್ತಾ, ಇದ್ರಲ್ಲಾ?" ಎಂದು ಕೇಳುವುದು ಅವಳ ಕೆಲಸ.

ಒಂಬತ್ತು ವರ್ಷದ ಹಿಂದೆ ಅವಳು ವಿಶ್ವವಿದ್ಯಾಲಯದಲ್ಲಿದ್ದಳು. ಆ ಮುದುಕನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಕನಿಕರದ ಬಗ್ಗೆ ಅವನಷ್ಟು ಕಟುವಾಗಿ ಬರೆದವರಿಲ್ಲ. 'ಕನಿಕರಪಡುವವನು ಮೊದಲು ಎದುರಿನವನ ಪರವಾಗಿ ತಾನೇ ತೀರ್ಮಾನ ಮಾಡುತ್ತಾನೆ, ಪ್ರೀತಿ ಆಮೇಲಿನ ಮಾತು' ಎಂಬುದು ಅವನ ವಾದ. ಬರೆದದ್ದಕ್ಕೆ ಅರ್ಧ ಜನ ಬೈದರು. ಹೆಂಡತಿಯ ವಿಷಯ ಹೊರಬಿದ್ದ ಮೇಲೆ ಉಳಿದರ್ಧವೂ ಬೈದರು. ಪುಟ್ಟಿಗೆ ಆಗ ಅದೆಲ್ಲ ಬರೀ ವಾದವಾಗಿತ್ತು.

ಅಷ್ಟರಲ್ಲಿ ಅಪ್ಪನ ಲಿವರ್ ಕೆಟ್ಟಿತು.

ಬದುಕುವುದು ಹೆಚ್ಚೆಂದರೆ ಎರಡು ವರ್ಷ ಎಂದು ವೈದ್ಯರು ಅಮ್ಮ ಮಗಳಿಬ್ಬರಿಗೇ ಹೇಳಿದರು. ಇಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅಪ್ಪನಿಗೆ ಹೇಳುವುದು ಬೇಡ ಎಂದುಕೊಂಡರು. "ಔಷಧಿ ಹಿಡಿಸ್ತಿದೆಯಂತೆ ಅಪ್ಪಾ" ಎಂದು ನಗುನಗುತ್ತ ಹೇಳುವುದನ್ನು ಅವಳು ಕಲಿತಳು. ಓದು ಬಿಟ್ಟು ಅಂಗಡಿ ಹಿಡಿದಳು. ಒಂದು ದಿನ ಆ ಮುದುಕನ ಪುಸ್ತಕ ತೆರೆದು ಎರಡು ಪುಟ ಓದಿ, ಅದನ್ನು ಅಟ್ಟದ ಮೇಲಕ್ಕೆ ಎಸೆದಳು. ಎರಡು ವರ್ಷ ಅನ್ನುವಷ್ಟರಲ್ಲಿ ಅಪ್ಪ ಹೋದರು.

ಈಗ ಏಳು ವರ್ಷದ ಮೇಲೆ ಅಟ್ಟ ಗುಡಿಸುವಾಗ ಪುಸ್ತಕ ಮತ್ತೆ ಕೈಗೆ ಬಿತ್ತು. ರದ್ದಿಗೆ ಹಾಕಬೇಕೆಂದೇ ತೆಗೆದವಳು ಏಣಿಯ ಮೇಲೆ ನಿಂತೇ ಒಂದು ಗಂಟೆ ಓದಿದಳು.

ಮರುವಾರ ಹಳೆಯ ಗೈಡ್ ಮೇಡಂ ಮುಂದೆ ನಿಂತಾಗ ಅವರು ಕನ್ನಡಕದ ಮೇಲಿಂದ ನೋಡಿದರು.

"ನಿನ್ನ ಫೈಲು ಇನ್ನೂ ಉಸಿರಾಡ್ತಿರೋದೇ ದೊಡ್ಡದು ಕಣಮ್ಮ. ಆರು ತಿಂಗಳು ಕೊಡಿಸ್ತೀನಿ. ನಡುವಿನ ಅಧ್ಯಾಯ ಬರೆದುಕೊಡು. ಇಲ್ಲಾಂದ್ರೆ ಸಮಿತಿಯವರು ಮುಚ್ಚಿಬಿಡ್ತಾರೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ."

ಒಂಬತ್ತು ವರ್ಷ ಬರೆಯದ ಕೈ. ಪಳಗಲಿ ಎಂದು ಹದಿನೈದು ದಿನಕ್ಕೊಂದು ಲೇಖನ ಬರೆದು ಈ ಜಾಲತಾಣಕ್ಕೆ ಕೊಡಲು ಒಪ್ಪಿಕೊಂಡಳು. ಮೊದಲನೆಯದಕ್ಕೇ ಈ ಶೀರ್ಷಿಕೆಯ ರಗಳೆ!

ಜಾಲತಾಣದ ಕಚೇರಿ ಒಂದು ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿತ್ತು. ಕೆಳಗಿನಿಂದ ಬಿಸಿ ಬಟ್ಟೆಯ ವಾಸನೆ ಬರುತ್ತಿತ್ತು. ಬಿಸ್ಕತ್ತಿನ ಮನುಷ್ಯ ಮೊದಲು ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವನು, ಹಾಗಾಗಿ ಎಲ್ಲರ ಬಾಯಲ್ಲೂ ಮೇಷ್ಟ್ರು. ವಯಸ್ಸು ನಲವತ್ತರ ಹತ್ತಿರ, ಮದುವೆಯಾಗಿಲ್ಲ, ತಾಯಿಯೊಂದಿಗೆ ವಾಸ. ಬೆಳಗ್ಗೆ ಬರಹ ತಿದ್ದುವುದು, ಮಧ್ಯಾಹ್ನದ ಮೇಲೆ ಓದುಗರ ಕಾಮೆಂಟು ನೋಡುವುದು ಅವನ ಕೆಲಸ.

"ಕಾಮೆಂಟೆಲ್ಲ ಮೊದಲು ನನ್ನ ಹತ್ರ ಬರುತ್ತೆ," ಎಂದು ಅವನು ಪರದೆ ತೋರಿಸಿದ. ಪ್ರತಿ ಕಾಮೆಂಟಿನ ಕೆಳಗೂ ಮೂರು ಗುಂಡಿಗಳಿದ್ದವು. ಬಿಡು, ತಡೆ, ಅಳಿಸು. "ಬೈಗುಳ ಆದ್ರೆ ಅಳಿಸ್ತೀನಿ. ಅನುಮಾನ ಬಂದ್ರೆ ತಡೀತೀನಿ, ಎರಡು ದಿನದೊಳಗೆ ತೀರ್ಮಾನ ಮಾಡಬೇಕು. ಉಳಿದದ್ದೆಲ್ಲ ಬಿಡ್ತೀನಿ."

"ನನಗೆ ತುಂಬಾ ಬೈತಾರಾ?"

ಅವನು ಅವಳ ಮುಖ ನೋಡಿದ.

"ನೋಡೋಣ," ಎಂದ.

ಆದರೆ ಯಾರೂ ಬೈಯಲಿಲ್ಲ! ಮೊದಲ ಲೇಖನಕ್ಕೆ ಹನ್ನೊಂದು ಕಾಮೆಂಟು ಬಂದವು, ಎಲ್ಲವೂ ಒಳ್ಳೆಯವೇ. 'ಧೈರ್ಯ ಮೆಚ್ಚಿದೆ', 'ಮುಂದುವರಿಸಿ ಅಕ್ಕಾ', 'ಕಣ್ಣು ತೆರೆಸಿದಿರಿ'. ಜನ ಎಷ್ಟು ತಾಳ್ಮೆಯಿಂದ ಓದುತ್ತಾರೆ ಎಂದು ಪುಟ್ಟಿಗೆ ಅಚ್ಚರಿ. ಎರಡನೆಯದಕ್ಕೆ ಹದಿನಾಲ್ಕು ಬಂದವು. ಅವಳ ಕೈ ನಿಜಕ್ಕೂ ಪಳಗಿತು. ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಎರಡು ಗಂಟೆ ಅಧ್ಯಾಯ ಬರೆಯುವುದೂ ರೂಢಿಯಾಯಿತು.

ಲೇಖನ ತಿದ್ದುವ ನೆಪದಲ್ಲಿ ಮೇಷ್ಟ್ರ ಫೋನೂ ರೂಢಿಯಾಯಿತು.

"ಈ ಪ್ಯಾರಾದಲ್ಲಿ 'ಆದರೆ' ಅನ್ನೋದು ಏಳು ಸಲ ಬಂದಿದೆ."

"ನನ್ನ ಬದುಕಲ್ಲೇ ಅದು ಏಳು ಸಲ ಬಂದಿದೆ ಮೇಷ್ಟ್ರೇ. ಎರಡು ತೆಗೀರಿ ಬೇಕಾದ್ರೆ."

ಒಂದು ದಿನ ತಲೆನೋವೆಂದು ಅವನೇ ಅಂಗಡಿಗೆ ಬಂದ. ಕತ್ತಲೆ ಕೋಣೆಯಲ್ಲಿ ಅವನನ್ನು ಕೂರಿಸಿ, ಪರೀಕ್ಷೆಯ ಚೌಕಟ್ಟು ಹಾಕಿ, ಒಂದೊಂದೇ ಗಾಜು ಬದಲಾಯಿಸುತ್ತ ಹೋದಳು. ಇಬ್ಬರ ನಡುವೆ ಒಂದು ಗೇಣು ಅಂತರ.

"ಇದ್ರಲ್ಲಾ, ಇದ್ರಲ್ಲಾ?"

"ಎರಡೂ ಒಂದೇ ಥರ ಇದೆ. ಇನ್ನೊಂದು ಸಲ ತೋರಿಸಿ."

ಮೂರು ಸಲ ತೋರಿಸಿದಳು. ನಾಲ್ಕನೆಯ ಸಲಕ್ಕೆ ಅವಳಿಗೆ ಅರ್ಥವಾಯಿತು. ಈ ಮನುಷ್ಯ ಅಕ್ಷರಗಳನ್ನು ನೋಡುತ್ತಿಲ್ಲ... ನನ್ನನ್ನು ನೋಡುತ್ತಿದ್ದಾನೆ. ಗಾಜು ಕೈಜಾರಿ ಅವನ ಮಡಿಲಿಗೆ ಬಿತ್ತು. ಇಬ್ಬರೂ ಒಟ್ಟಿಗೆ ಬಗ್ಗಿದಾಗ ಹಣೆಗೆ ಹಣೆ ತಾಗಿತು.

"ತಲೆನೋವು ಈಗ ಶುರುವಾಯ್ತು," ಎಂದ ಮೇಷ್ಟ್ರು.

ಅವಳು ನಕ್ಕದ್ದು ಹೊರಗೆ ಗಲ್ಲಾಪೆಟ್ಟಿಗೆಯ ಹತ್ತಿರ ಕುಳಿತಿದ್ದ ಅಮ್ಮನಿಗೂ ಕೇಳಿಸಿತು. ಮಗಳು ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ. ಮುಂದಿನ ತಿಂಗಳು ಅಮ್ಮ, "ಅವರ ಕನ್ನಡಕದ ಸ್ಕ್ರೂ ಇದು ಮೂರನೇ ಸಲ ಸಡಿಲ ಆಗಿರೋದು. ಸ್ಕ್ರೂ ಕನ್ನಡಕದ್ದೇನಾ ಅಂತ ಸರಿಯಾಗಿ ನೋಡು," ಎಂದರು.

ಹೀಗೆ ಐದು ತಿಂಗಳು ಕಳೆಯಿತು. ಹತ್ತು ಲೇಖನ, ಅರುವತ್ತೊಂದು ಕಾಮೆಂಟು. ಅಧ್ಯಾಯ ಕೊಡಲು ಇನ್ನು ಹದಿನೆಂಟು ದಿನವಿತ್ತು, ಅದೂ ಬಹುತೇಕ ಮುಗಿದಿತ್ತು, ನಡುವೆ ಎಲ್ಲೋ ಟೊಳ್ಳೆನಿಸುತ್ತಿತ್ತು ಅಷ್ಟೆ. ತನ್ನ ತಾಯಿಯ ಕಣ್ಣಿನ ಪೊರೆ ತೆಗೆಸಬೇಕೆಂದು ಮೇಷ್ಟ್ರು ಮೂರು ದಿನ ರಜೆ ಹಾಕಿದ.

ಆ ಮೂರು ದಿನ ಅವನ ಕೆಲಸ ನೋಡಿಕೊಂಡದ್ದು ಪಕ್ಕದ ಮೇಜಿನ ಹುಡುಗಿ. ಅವಳು ಆಟೋಟದ ಪುಟದವಳು. ಸೋತ ತಂಡದ ಅಭಿಮಾನಿಗಳ ಬಾಯಿ ನೋಡಿ ನೋಡಿ ಅವಳ ಚರ್ಮ ದಪ್ಪವಾಗಿತ್ತು. 'ತಡೆ' ಗುಂಡಿಯ ಹಿಂದೆ ರಾಶಿ ಬಿದ್ದಿದ್ದನ್ನು ಅವಳು ನೋಡಿದಳು. ಬೈಗುಳ ಒಂದೂ ಇರಲಿಲ್ಲ, ಎರಡು ದಿನದ ಗಡುವು ಯಾವತ್ತೋ ದಾಟಿತ್ತು. ನಿಯಮದ ಪ್ರಕಾರ ಎಲ್ಲವನ್ನೂ ಒಟ್ಟಿಗೆ ಬಿಟ್ಟುಬಿಟ್ಟಳು.

ಪುಟ್ಟಿ ಆಗ ಒಬ್ಬ ಅಜ್ಜಿಯ ಮೂಗಿನ ಮೇಲೆ ಚೌಕಟ್ಟು ಕೂರಿಸುತ್ತಿದ್ದಳು. ಕಪಾಟಿನ ಗಾಜಿನ ಮೇಲಿದ್ದ ಮೊಬೈಲು ಗುರ್ರೆಂದಿತು. ಮತ್ತೆ ಗುರ್ರೆಂದಿತು. ಆಮೇಲೆ ನಿಲ್ಲಲೇ ಇಲ್ಲ.

"ಯಾರೋ ಸಾಯೋ ಅರ್ಜೆಂಟಲ್ಲಿದ್ದಾರೆ ನೋಡಮ್ಮ," ಎಂದರು ಅಜ್ಜಿ.

ನೋಡಿದಳು.

'ಹೆಂಡತಿಗೆ ಒಂದು ಲೋಟ ನೀರು ಕೊಡದವನು ಜಗತ್ತಿಗೆ ಬುದ್ಧಿ ಹೇಳಿದ. ಅದಕ್ಕೆ ಟಿಪ್ಪಣಿ ಬರೆಯಲು ಇವರೊಬ್ಬರು. ಭೇಷ್.' ಬರೆದವರ ಹೆಸರು 'ಹಳೇ ಸೈಕಲ್'.

'ಇಷ್ಟೆಲ್ಲ ಓದಿ ಕನ್ನಡಕ ಮಾರುತ್ತಿದ್ದಾರಂತೆ. ಸಾರ್ಥಕವಾಯಿತು.'

'ನೀವು ಎತ್ತಿಕೊಂಡ ವಾಕ್ಯದ ಮುಂದಿನ ಪುಟದಲ್ಲಿ ಅವನೇ ಅದನ್ನು ಅಲ್ಲಗಳೆದಿದ್ದಾನೆ. ಓದಿದ್ದೀರಾ, ಹಾರಿಸಿದ್ದೀರಾ?'

ನೂರ ಐವತ್ತೊಂದು! ಅವಳು ಸ್ಟೂಲು ಎಳೆದುಕೊಂಡು ಕುಳಿತಳು. ಒಂದೇ ಬೆಳಗಿನಲ್ಲಿ ಇಷ್ಟೊಂದು ಜನ ತಿರುಗಿಬಿದ್ದರಾ? ನಿನ್ನೆಯವರೆಗೆ 'ಅಕ್ಕಾ' ಎನ್ನುತ್ತಿದ್ದರಲ್ಲ...

ಆಮೇಲೆ ತಾರೀಖು ಕಣ್ಣಿಗೆ ಬಿತ್ತು. ಪ್ರತಿ ಕಾಮೆಂಟಿನ ಕೆಳಗೂ ಅದನ್ನು ಬರೆದ ದಿನ ಸಣ್ಣದಾಗಿ ಇತ್ತು. ಹೋದ ತಿಂಗಳು. ಅದರ ಹಿಂದಿನ ತಿಂಗಳು. ಕೆಲವು ಮೊದಲ ಲೇಖನ ಬಂದ ದಿನದವೇ. ಇವರು ಇವತ್ತು ತಿರುಗಿಬಿದ್ದವರಲ್ಲ. ಐದು ತಿಂಗಳಿಂದ ಮಾತಾಡುತ್ತಲೇ ಇದ್ದರು. ಅವರ ಬಾಯಿಗೂ ತನ್ನ ಕಿವಿಗೂ ನಡುವೆ ಒಬ್ಬ ಮನುಷ್ಯ ಕೈ ಅಡ್ಡ ಹಿಡಿದಿದ್ದ.

ಕೊನೆಯಲ್ಲಿ ಒಂದು ಚಿಕ್ಕ ಕಾಮೆಂಟಿತ್ತು. ಎರಡನೆಯ ಲೇಖನ ಬಂದ ದಿನದ್ದು. 'ಕಡೇ ಬೆಂಚು' ಎಂಬ ಹೆಸರಿನವರು ಬರೆದದ್ದು.

'ನಿಮ್ಮ ತಂದೆ ಕಾಯಿಲೆಯಿಂದ ಹೋದರು ಎಂದು ಒಂದು ಸಾಲು ಬರೆದಿದ್ದೀರಿ. ಅವರಿಗೆ ನೀವು ನಿಜ ಹೇಳಿದ್ದಿರಾ? ಅದನ್ನು ಹೇಳದೆ ಉಳಿದದ್ದೆಲ್ಲ ಬರೆದು ಏನು ಪ್ರಯೋಜನ?'

ಅಜ್ಜಿಯನ್ನು ಕಳಿಸಿ, ಅಂಗಡಿಯ ಬಾಗಿಲು ಎಳೆದುಕೊಂಡು ಅವಳು ಅತ್ತಳು. ಅಧ್ಯಾಯ ಎಲ್ಲಿ ಟೊಳ್ಳಾಗಿದೆ ಎಂದು ಐದು ತಿಂಗಳಿಂದ ಹುಡುಕುತ್ತಿದ್ದಳು. ಆ ಜಾಗಕ್ಕೆ ಸರಿಯಾಗಿ ಒಬ್ಬರು ಬೆರಳಿಟ್ಟು ತೋರಿಸಿದ್ದರು. ಆ ಬೆರಳನ್ನು ಮೇಷ್ಟ್ರು ಮುಚ್ಚಿಟ್ಟಿದ್ದ.

ನಾಲ್ಕನೆಯ ದಿನ ಅವನು ಕೆಲಸಕ್ಕೆ ಬರುವ ಹೊತ್ತಿಗೆ ಪುಟ್ಟಿ ಇಸ್ತ್ರಿ ಅಂಗಡಿಯ ಪಕ್ಕದ ಮೆಟ್ಟಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿದ್ದೇ ಅವನಿಗೆ ಗೊತ್ತಾಯಿತು.

"ನೂರ ಐವತ್ತೊಂದು," ಎಂದಳು.

"ಗೊತ್ತು."

"ಅದ್ರಲ್ಲಿ ಬೈಗುಳ ಎಷ್ಟು?"

"ಒಂದೂ ಇಲ್ಲ. ಬೈಗುಳನೆಲ್ಲ ಆವಾಗಲೇ ಅಳಿಸಿದ್ದೆ."

"ಮತ್ತೆ ಇವುನ್ನ ಯಾಕೆ ತಡೆದ್ರಿ?"

ಅವನು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. "ಮೊದಲ ದಿನ ನೀವು ಹೋದ್ಮೇಲೆ ಲೇಖನ ಇನ್ನೊಂದು ಸಲ ಓದಿದೆ. ಹೆದರಿಕೊಂಡು ಬರೆದ ಹಾಗಿತ್ತು. ಆಮೇಲೆ ನಿಮ್ಮ ತಂದೆ ಬಗ್ಗೆ ಆ ಒಂದು ಸಾಲು ಬಂತು. ಇವನ್ನೆಲ್ಲ ಓದಿದ್ರೆ ನೀವು ತಡ್ಕೊಳ್ಳಲ್ಲ ಅನ್ನಿಸ್ತು."

"ಅನ್ನಿಸ್ತು. ನನ್ನ ಕೇಳಲಿಲ್ಲ."

"ಇಲ್ಲ."

"ಐದು ತಿಂಗಳಿಂದ ನಾನು ಬರೀತಿರೋದೇ ಇದನ್ನ ಮೇಷ್ಟ್ರೇ. ಒಬ್ಬರ ಪರವಾಗಿ ಇನ್ನೊಬ್ಬರು ತೀರ್ಮಾನ ಮಾಡೋದು. ಅದರ ಕಾಮಾ ಪೂರ್ಣವಿರಾಮ ತಿದ್ದಿದವರು ನೀವು. ತಿದ್ದುವಾಗ ಒಂದು ಸಲನಾದ್ರೂ ಚುಚ್ಚಲಿಲ್ವಾ?"

"ಪ್ರತಿ ಸಲ ಚುಚ್ಚಿತು."

ಆ ಉತ್ತರ ಅವಳ ಕೋಪವನ್ನು ಇಳಿಸಲಿಲ್ಲ, ಇನ್ನಷ್ಟು ಏರಿಸಿತು. ಗೊತ್ತಿದ್ದೂ ಮಾಡಿದನಲ್ಲ. ನಾನು ಚೆನ್ನಾಗಿ ಬರೆಯುತ್ತಿದ್ದೇನೆ ಎಂದು ಹಿಗ್ಗಿದಾಗೆಲ್ಲ ಇವನು ಆ ಕಡೆ ಫೋನು ಹಿಡಿದು ಸುಮ್ಮನೆ ಕೇಳಿಸಿಕೊಂಡನಲ್ಲ...

"ನನ್ನನ್ನ ಪಾಪ ಅಂದ್ಕೊಂಡ್ರಿ. ಅದು ನನಗೆ ಬೇಡ. ಇನ್ಮೇಲೆ ನಿಮ್ಮ ಕನ್ನಡಕ ಬೇರೆ ಕಡೆ ತೋರಿಸಿಕೊಳ್ಳಿ."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ಬೀದಿಗಿಳಿದಿದ್ದಳು.

ಮನೆಗೆ ಬಂದವಳು ಅಧ್ಯಾಯದ ಹಾಳೆಗಳನ್ನೆಲ್ಲ ಕಟ್ಟಿ ಬೀರುವಿನೊಳಗೆ ತಳ್ಳಿದಳು. ಫೈಲು ಮುಚ್ಚಿಹೋಗಲಿ. ಒಂಬತ್ತು ವರ್ಷ ಅದಿಲ್ಲದೆ ಬದುಕಲಿಲ್ಲವೇ? ಒಂದು ವಾರ ಅಂಗಡಿಯಲ್ಲಿ ತಲೆತಗ್ಗಿಸಿ ಗಾಜು ಉಜ್ಜಿದಳು. ಮೇಷ್ಟ್ರು ಎರಡು ಸಲ ಫೋನು ಮಾಡಿದ, ಅವಳು ಎತ್ತಲಿಲ್ಲ. ಮೂರನೆಯ ಸಲ ಅವನು ಮಾಡಲಿಲ್ಲ. ಮಾಡಲಿಲ್ಲವೆಂದೂ ಅವಳಿಗೆ ಸಿಟ್ಟು ಬಂತು. ಪ್ರೀತಿಯಲ್ಲಿ ಬಿದ್ದವರ ಸಿಟ್ಟಿಗೆ ತಲೆಬುಡ ಇರುವುದಿಲ್ಲ ನೋಡಿ.

ಭಾನುವಾರ ಬೆಳಗ್ಗೆ ಅಮ್ಮ ಒಗೆದ ಬಟ್ಟೆ ಇಡಲು ಬೀರು ತೆರೆದು ಆ ಕಟ್ಟನ್ನು ನೋಡಿದರು. ಹೊರಗೆ ತಂದು ಮಗಳ ಮುಂದಿಟ್ಟರು.

"ಯಾಕೆ?"

ಪುಟ್ಟಿ ಮೊಬೈಲು ತೆರೆದು ಕೊಟ್ಟಳು. ಅಮ್ಮ 'ಕಡೇ ಬೆಂಚು' ಬರೆದದ್ದನ್ನು ನಿಧಾನವಾಗಿ ಓದಿದರು, ತುಟಿ ಅಲ್ಲಾಡಿಸುತ್ತ.

"ಇವರಿಗೆ ಉತ್ತರ ಬರೆದ್ಯಾ?"

"ಏನಂತ ಬರೀಲಿ ಅಮ್ಮ?"

ಅಮ್ಮ ಮಂಚದ ಅಂಚಿನಲ್ಲಿ ಕುಳಿತರು. ಮಡಿಲಲ್ಲಿದ್ದ ಟವೆಲನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ನಿಮ್ಮಪ್ಪ ನನ್ನ ಕೇಳಿದ್ರು. ಒಂದೇ ಒಂದು ಸಲ. ನೀನು ಅಂಗಡೀಲಿದ್ದೆ. 'ನಿಜ ಹೇಳು, ನಾನು ಎಷ್ಟು ದಿನ?' ಅಂದ್ರು. 'ಹಾಗೆಲ್ಲ ಮಾತಾಡಬೇಡಿ, ವಾಸಿಯಾಗುತ್ತೆ' ಅಂದೆ. ಅವರು ಗೋಡೆ ಕಡೆ ತಿರುಗಿ ಮಲಗಿದ್ರು. ಆಮೇಲೆ ಕೇಳಲೇ ಇಲ್ಲ."

"ಅವರಿಗೆ ಗೊತ್ತಿತ್ತಾ?"

"ನನಗೆ ಗೊತ್ತಿಲ್ಲ ಪುಟ್ಟಿ. ಏಳು ವರ್ಷದಿಂದ ಅದನ್ನೇ ಯೋಚಿಸ್ತೀನಿ. ಗೊತ್ತಿದ್ರೆ, ಪಾಪ, ಒಬ್ಬರೇ ಹೊತ್ಕೊಂಡು ಹೋದ್ರು. ಗೊತ್ತಿಲ್ದಿದ್ರೆ, ಹೇಳಬೇಕಾದ್ದು ಏನೋ ಹೇಳದೆ ಹೋದ್ರು. ಎರಡರಲ್ಲಿ ಯಾವುದಾದ್ರೂ ಅದು ನನ್ನಿಂದ."

ಪುಟ್ಟಿ ಅಮ್ಮನ ಕೈ ಹಿಡಿದುಕೊಂಡಳು. ಏಳು ವರ್ಷ ಒಂದೇ ಮನೆಯಲ್ಲಿ, ಒಂದೇ ಅಂಗಡಿಯಲ್ಲಿ ಇದ್ದೂ ಇಬ್ಬರೂ ಈ ಮಾತು ಎತ್ತಿರಲಿಲ್ಲ. ಒಬ್ಬರಿಗೊಬ್ಬರು ನೋವಾಗದಿರಲಿ ಎಂದು.

"ನಿನ್ನಿಂದ ಅಲ್ಲ, ನಮ್ಮಿಂದ," ಎಂದಳು.

ಅಮ್ಮ ಮೂಗು ಒರೆಸಿಕೊಂಡರು. "ಆ ಮೇಷ್ಟ್ರು ಮಾಡಿದ್ದು ತಪ್ಪೇ. ನಾವು ಮಾಡಿದ್ದೂ ಅದೇ ತಪ್ಪು. ನಾವೇನು ಪ್ರೀತಿ ಇಲ್ದೆ ಮಾಡಿದ್ವಾ? ಯಾಕೆ ಮಾಡಿದ್ರಿ ಅಂತ ನೀನು ಅವರನ್ನ ಸರಿಯಾಗಿ ಕೂತು ಕೇಳಬಹುದು. ಅವರು ಬದುಕಿದ್ದಾರೆ. ನನಗೆ ನಿಮ್ಮಪ್ಪನ್ನ ಕೇಳೋ ಹಾಗಿಲ್ಲ."

ಅವತ್ತು ಪುಟ್ಟಿ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಬರೆಯಲು ಕುಳಿತವಳು ಸಂಜೆಯವರೆಗೆ ಏಳಲಿಲ್ಲ. ಮುಂದಿನ ಪುಟ ಓದಿ ಎಂದವರ ಮಾತು ಕೇಳಿ ಮುಂದಿನ ಪುಟ ಓದಿದಳು. ಅವರು ಹೇಳಿದ್ದು ಸರಿಯಾಗಿತ್ತು. ಆಸ್ಪತ್ರೆಯ ಮೆಟ್ಟಿಲಿನಿಂದ ಶುರುಮಾಡಿ, ಅಪ್ಪ ಗೋಡೆಯ ಕಡೆ ತಿರುಗಿದ್ದರವರೆಗೆ, ಅಮ್ಮನ ಒಪ್ಪಿಗೆ ಪಡೆದು ಎಲ್ಲ ಬರೆದಳು. ಮುದುಕನ ಬಗ್ಗೆಯೂ ಬರೆದಳು. 'ಅವನು ಅರ್ಧ ಸರಿ. ಕನಿಕರಪಡುವವರು ಕೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ಹೋಗಿ ಕೇಳಬಹುದು ಎಂಬುದು ಅವನಿಗೆ ಹೊಳೆಯಲಿಲ್ಲ. ಅದಕ್ಕೇ ಹೆಂಡತಿಯ ಬಾಗಿಲಿಗೆ ಅವನು ಹೋಗಲೇ ಇಲ್ಲ.'

ಲೇಖನವನ್ನು ಮೇಷ್ಟ್ರಿಗೆ ಕಳಿಸಿದಳು. ಜೊತೆಗೆ ಒಂದೇ ಸಾಲು. 'ಹೇಗಿದೆ, ನಿಜ ಹೇಳಿ.'

ಅರ್ಧ ಗಂಟೆಯಲ್ಲಿ ಉತ್ತರ ಬಂತು. 'ಚೆನ್ನಾಗಿದೆ. ಕೊನೆಯ ಎರಡು ಪ್ಯಾರಾ ಮಾತ್ರ ನಂಬಿಕೆ ಬರಲ್ಲ. ನಿಮ್ಮನ್ನ ನೀವೇ ಕ್ಷಮಿಸಿಕೊಳ್ಳೋಕೆ ಅವಸರ ಮಾಡ್ತಿದ್ದೀರಿ ಅನ್ನಿಸ್ತು.'

ಅವಳ ಮುಖ ಊದಿಕೊಂಡಿತು. ಹತ್ತು ನಿಮಿಷ ಮನೆಯೆಲ್ಲ ಓಡಾಡಿದಳು. ಎಷ್ಟು ಕೊಬ್ಬು! ಆಮೇಲೆ ಕುಳಿತು ಎರಡೂ ಪ್ಯಾರಾ ಹೊಡೆದುಹಾಕಿದಳು. ಹೊಡೆದುಹಾಕುವಾಗ, ಯಾಕೋ ಏನೋ, ಮನಸ್ಸು ಹಗುರವಾಯಿತು.

ಅದೇ ಅಧ್ಯಾಯದ ನಡುಭಾಗವೂ ಆಯಿತು. ಗಡುವಿಗೆ ಎರಡು ದಿನ ಮುಂಚೆ ಕೊಟ್ಟಳು. ಗೈಡ್ ಮೇಡಂ ಓದಿ, "ಈಗ ಇದರಲ್ಲಿ ನೀನಿದ್ದೀಯ," ಎಂದರು. ಸಮಿತಿಯಲ್ಲಿ ಇಬ್ಬರು ಹೂಂ ಎಂದರು, ಒಬ್ಬರು ಮೂಗು ಮುರಿದರು. ಫೈಲು ಉಳಿಯಿತು.

ಮರುದಿನ ಮಧ್ಯಾಹ್ನ ಆ ಲೇಖನ ಜಾಲತಾಣದಲ್ಲಿ ಬರುವುದಿತ್ತು. ಪುಟ್ಟಿ ಅಂಗಡಿಯನ್ನು ಅಮ್ಮನಿಗೆ ಬಿಟ್ಟು ಇಸ್ತ್ರಿ ಅಂಗಡಿಯ ಮೇಲಿನ ಕೋಣೆಗೆ ಹೋದಳು. ಮೇಷ್ಟ್ರು ಎದ್ದುನಿಂತ. ಸ್ವಲ್ಪ ಸೊರಗಿದ್ದ.

"ಕಾಮೆಂಟು ಬರೋ ಹೊತ್ತಿಗೆ ನಾನು ಇಲ್ಲೇ ಕೂತಿರ್ತೀನಿ," ಎಂದಳು. "ನೀವು ಒಂದೊಂದೂ ಜೋರಾಗಿ ಓದಬೇಕು. ಯಾವುದನ್ನೂ ಹಾರಿಸಬಾರದು."

"ಹಾರಿಸೋಕಾಗಲ್ಲ." ಅವನು ಪರದೆ ತಿರುಗಿಸಿದ. ಅಲ್ಲಿ ಎರಡೇ ಗುಂಡಿಗಳಿದ್ದವು. "ಮಾಡಿದ್ದನ್ನೆಲ್ಲ ಸಂಪಾದಕರಿಗೆ ನಾನೇ ಹೇಳಿದೆ. 'ತಡೆ' ತೆಗೆಸಿಬಿಟ್ಟೆ. ನನ್ನ ಕೈಗೆ ಅದು ಒಳ್ಳೇದಲ್ಲ."

ಅವಳಿಗೆ ನಗು ಬಂತು, ತಡೆದುಕೊಂಡಳು. ಕುರ್ಚಿ ಎಳೆದು ಅವನ ಪಕ್ಕ ಕುಳಿತಳು.

"ಅವತ್ತು ಮೆಟ್ಟಿಲಲ್ಲಿ ಕೇಳಿದ್ದನ್ನ ಮತ್ತೆ ಕೇಳ್ತೀನಿ. ಕೋಪ ಇಲ್ದೆ. ಯಾಕೆ ಮಾಡಿದ್ರಿ?"

ಮೇಷ್ಟ್ರು ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿದ.

"ನಿಮಗೆ ನೋವಾಗುತ್ತೆ ಅಂತ ಮಾಡಿದೆ ಅಂದೆ. ಅದು ಅರ್ಧ ಸುಳ್ಳು. ಅವನ್ನ ಓದಿದ್ರೆ ನೀವು ಬರೆಯೋದು ಬಿಟ್ಬಿಡ್ತೀರಿ, ಬರೆಯೋದು ಬಿಟ್ರೆ ಇಲ್ಲಿಗೆ ಬರಲ್ಲ, ಫೋನು ಮಾಡಲ್ಲ. ಆ ಭಯ. ನಿಮ್ಮನ್ನ ಪಾಪ ಅಂತ ನಾನು ಒಂದು ದಿನಾನೂ ಅಂದ್ಕೊಂಡಿಲ್ಲ. ನನಗೋಸ್ಕರ ಮಾಡಿದೆ."

"ಅಂದ್ರೆ ಕನಿಕರ ಅಲ್ಲ."

"ಅಲ್ಲ. ಶುದ್ಧ ಸ್ವಾರ್ಥ."

ಇದಕ್ಕೆ ಕೋಪ ಬರಬೇಕಿತ್ತು. ಬರಲಿಲ್ಲ. ಪಾಪ ಎನ್ನಿಸಿಕೊಳ್ಳದೆ, ಬೇಕು ಎನ್ನಿಸಿಕೊಂಡದ್ದು ಅವಳಿಗೆ ಒಳಗೆಲ್ಲೋ ಬೆಚ್ಚಗಾಯಿತು. ಕಣ್ಣು ತುಂಬಿತು, ಅವಳು ಅದನ್ನು ಅಡಗಿಸಲಿಲ್ಲ.

ಪರದೆಯ ಮೇಲೆ ಮೊದಲ ಕಾಮೆಂಟು ಬಂತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡ.

"ಹಳೇ ಸೈಕಲ್. 'ಈಗಲೂ ಆ ಮುದುಕನನ್ನು ನಾನು ಕ್ಷಮಿಸುವುದಿಲ್ಲ. ನಿಮ್ಮ ಬರಹ ಮಾತ್ರ ಕೊನೆಯವರೆಗೆ ಓದಿದೆ, ಇದೇ ಮೊದಲು.'"

"ಅವರಿಂದ ಅದೇ ಹೆಚ್ಚು. ಮುಂದೆ?"

"'ಸಾಯುವವನಿಗೆ ಸುಳ್ಳು ಹೇಳಿ, ಈಗ ಅದನ್ನೂ ಬರೆದು ಹೆಸರು ಮಾಡುತ್ತಿದ್ದೀರಿ. ನಾಚಿಕೆಯಾಗಬೇಕು.'"

ಅವನ ದನಿ ಕೊನೆಯ ಮಾತಿಗೆ ತೊದಲಿತು. ಆದರೂ ಓದಿ ಮುಗಿಸಿದ. ಪುಟ್ಟಿಗೆ ಚುಚ್ಚಿತು, ಚೆನ್ನಾಗಿಯೇ ಚುಚ್ಚಿತು. ಮೇಜಿನ ಅಂಚನ್ನು ಒಂದು ಕ್ಷಣ ಹಿಡಿದುಕೊಂಡಳು. ಕುರ್ಚಿ ಮುರಿದುಬೀಳಲಿಲ್ಲ, ಅವಳೂ ಬೀಳಲಿಲ್ಲ.

"ಬಿಡಿ ಅದನ್ನ. ಎಲ್ರೂ ಓದಲಿ."

ಅವನು 'ಬಿಡು' ಒತ್ತಿದ. ಒಂದರ ಹಿಂದೆ ಒಂದು ಬಂದವು. ಕೆಲವರು ಬೈದರು, ಕೆಲವರು ಅತ್ತರು, ಒಬ್ಬರು ಅಂಗಡಿಯ ವಿಳಾಸ ಕೇಳಿದರು. ಹನ್ನೆರಡನೆಯದಕ್ಕೆ ಬಂದಾಗ ಮೇಷ್ಟ್ರ ಓದು ನಿಂತಿತು.

"ಓದಿ," ಎಂದಳು ಪುಟ್ಟಿ.

"ಕಡೇ ಬೆಂಚು." ಅವನು ಮೆಲ್ಲಗೆ ಓದಿದ. "'ಉತ್ತರ ಕೊಟ್ಟಿದ್ದಕ್ಕೆ ವಂದನೆ ತಾಯಿ. ನಾನು ನನ್ನ ಹೆಂಡತಿಗೆ ಹೇಳಲಿಲ್ಲ. ಹನ್ನೊಂದು ವರ್ಷವಾಯಿತು. ಇದನ್ನು ಬರೆಯುತ್ತಿರುವುದು ಇದೇ ಮೊದಲು.'"

ಪಕ್ಕದ ಮೇಜಿನ ಹುಡುಗಿ ಟೈಪು ಮಾಡುವುದನ್ನು ನಿಲ್ಲಿಸಿದಳು. ಪುಟ್ಟಿ ಕೈಚಾಚಿ, 'ಬಿಡು' ಗುಂಡಿಯ ಮೇಲಿದ್ದ ಮೇಷ್ಟ್ರ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದಳು. ಒತ್ತಿದ ಮೇಲೂ ಇಬ್ಬರೂ ಕೈ ತೆಗೆಯಲಿಲ್ಲ.

"ಮೇಷ್ಟ್ರೇ, ಇನ್ನೇನಾದ್ರೂ ತಡೆದಿಟ್ಟಿದ್ದೀರಾ?"

"ಒಂದಿದೆ. ಐದು ತಿಂಗಳಿಂದ."

"ಹೇಳಿ. ನಾನು ತಡ್ಕೊಳ್ತೀನೋ ಇಲ್ವೋ ಅಂತ ನೀವು ಯೋಚಿಸಬೇಡಿ."

"ನೀವಂದ್ರೆ ನನಗೆ ತುಂಬಾ ಇಷ್ಟ. ಉಳಿದ ಬದುಕು ನಿಮ್ಮ ಜೊತೆ ಇರಬೇಕು ಅಂತ ಆಸೆ. ನಿಮಗೆ ಹೇಗನ್ನಿಸುತ್ತೆ ಅಂತ ನಾನು ಊಹೆ ಮಾಡಲ್ಲ. ಕೇಳ್ತಿದ್ದೀನಿ."

ಪುಟ್ಟಿ ಅವನನ್ನು ನೋಡಿದಳು. ಯಾರೋ ತನ್ನನ್ನು ಕೇಳುತ್ತಿದ್ದಾರೆ. ತನಗೆ ಒಳ್ಳೆಯದು ಯಾವುದೆಂದು ತಾವೇ ಗೊತ್ತುಮಾಡಿಕೊಳ್ಳದೆ, ಉತ್ತರ ಏನು ಬರುತ್ತದೋ ಎಂದು ಹೆದರಿಕೊಂಡೇ ಕೇಳುತ್ತಿದ್ದಾರೆ.

"ನನಗೂ ಇಷ್ಟ," ಎಂದಳು. "ಕೋಪ ಪೂರ್ತಿ ಹೋಗಿಲ್ಲ. ಅದೂ ನಿಜ. ಎರಡೂ ಒಟ್ಟಿಗೆ ಇದೆ."

"ಎರಡೂ ಇರಲಿ."

ಪರದೆಯ ಮೇಲೆ ಮತ್ತೆ ಮೂರು ಕಾಮೆಂಟು ಬಂದು ಸಾಲಾಗಿ ಕುಳಿತವು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಇನ್ನೂ ಬರ್ತಾನೇ ಇವೆ. ಇವತ್ತಿಗೆ ಸಾಕಾ?"

"ಬೇಡ, ಓದಿ," ಎಂದು ಪುಟ್ಟಿ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ನಾನು ಇಲ್ಲೇ ಇದ್ದೀನಿ."